ಒಳಗಿನ ರಂಗೋಲಿ

ಮರುಭೂಮಿಯ ಅಂಚಿನ ಹೊಸ ಮನೆಗೆ ಬಂದ ಮರುದಿನವೇ ಗಂಡ ಅವಳನ್ನೂ ಅತ್ತೆಯನ್ನೂ ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋದ. ಸಂಜೆ ಅವಳು ಕೇಳಿಯೇಬಿಟ್ಟಳು.

"ಬೀಗ ಯಾಕ್ರೀ?"

ಅವನು ದನಿ ತಗ್ಗಿಸಿದ. "ಅವ್ವಗ ಅರಳುಮರಳು ಸುರು ಆಗೈತಿ. ಹೊರಗ ಹೋದ್ರ ಉಸುಕಿನಾಗ ದಾರಿ ತಪ್ತಾಳ. ಆಕಿ ಮುಂದ ಮಾತ್ರ ಅನಬ್ಯಾಡ, ಮನಸ್ಸಿಗೆ ಹಚ್ಕೋತಾಳ."

ಇರಬಹುದು ಎನಿಸಿತು ಅವಳಿಗೆ. ಹೊಸ್ತಿಲ ಹೊರಗೆ ಹಾಕಬೇಕಾದ ರಂಗೋಲಿಯನ್ನು ಅತ್ತೆ ದಿನಾ ಬೆಳಿಗ್ಗೆ ಬಾಗಿಲ ಒಳಗೇ ಹಾಕುತ್ತಿದ್ದರು. ಅವಳು ಒಂದು ದಿನವೂ ತಪ್ಪು ತೋರಿಸಲಿಲ್ಲ. ಉಸುಕು ನುಗ್ಗುತ್ತದೆಂದು ಕಿಟಕಿಗಳನ್ನೂ ತೆರೆಯುವಂತಿಲ್ಲದ ಆ ಮನೆಯಲ್ಲಿ, ಆರು ತಿಂಗಳು ಅತ್ತೆಗಾಗಿ ತಾನೂ ಬಂದಿಯಾಗಿ ಕೂತಳು.

ಒಂದು ಮಧ್ಯಾಹ್ನ ಮಾತ್ರ ತಡೆಯಲಾಗಲಿಲ್ಲ. ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತಳು. ಕಾಲಡಿಯ ರಂಗೋಲಿ ಅಳಿಸಿಹೋಯಿತು.

ಅತ್ತೆ ಬೈಯಲಿಲ್ಲ. ಅಲ್ಲೇ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಅಳಬ್ಯಾಡವಾ. ನೀ ಒಬ್ಬಾಕಿನ ಒಳಗ ಅದೀನಿ ಅನಕೋಬಾರದಂತ, ನಾನೂ ಹೊಸ್ತಿಲ ದಾಟದೇ ಒಳಗ ರಂಗೋಲಿ ಹಾಕ್ಕೋತ ಬಂದೆ. ನಿನ್ನ ತಲಿ ನೆಟ್ಟಗಾದ ಕೂಡಲೇ ಮಗ ಬೀಗ ತೆಗೀತಾನಂತ. ನಿನಗ ಹೇಳಬ್ಯಾಡ ಅಂದಿದ್ದ."