ಬಡಗಿ ಮಾಡಿದ ಪೆಟ್ಟಿಗೆ

ನಾಲ್ಕನೆಯ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು. ಅಷ್ಟರಲ್ಲಿ ಕೆಲಸದ ಕೋಣೆಯ ಬಾಗಿಲ ಹೊರಗೆ ಬಡಗಿ ಕೆಮ್ಮಿದ. ಅವನ ಹೆಂಡತಿ ಸ್ಕ್ರೂಡ್ರೈವರನ್ನು ಹಲಗೆಗಳ ಸಂದಿಗೆ ತುರುಕಿ ಪೊರಕೆ ಎತ್ತಿಕೊಂಡಳು. ಸದ್ಯ, ಅವನು ತಕ್ಷಣ ಒಳಗೆ ನುಗ್ಗಲಿಲ್ಲ. ಇನ್ನೂ ಎರಡು ಸಲ ಕೆಮ್ಮಿ, ನಿಧಾನಕ್ಕೆ ಚಪ್ಪಲಿ ಕಳಚಿ ಬಂದ.

"ಪೆಟ್ಟಿಗೆ ಹತ್ರ ನಿಂದೇನೇ ಕೆಲ್ಸ?"

"ಮರದ ಹೊಟ್ಟು ಗುಡಿಸ್ತಿದ್ದೆ."

"ಗುಡಿಸು, ಗುಡಿಸು. ನಾಳೆ ಊರೆಲ್ಲ ಟಿ.ವಿ.ಯಲ್ಲಿ ನೋಡೋ ಪೆಟ್ಟಿಗೆ ಅದು."

ಇಷ್ಟೆಲ್ಲ ಶುರುವಾದದ್ದು ಬಡಗಿಯ ಬಾಯಿಂದಲೇ. ಟಿ.ವಿ.ಯಲ್ಲಿ ಜಾದೂ ತೋರಿಸುವ ಹುಡುಗನನ್ನೇ ಮದುವೆಯಾಗುತ್ತೇನೆಂದು ಮಗಳು ಹೇಳಿದಾಗ ಅವನು ಅಣ್ಣತಮ್ಮಂದಿರೆಲ್ಲರ ಎದುರು ಗುಡುಗಿದ್ದ: "ಅವನದೆಲ್ಲ ಕಳ್ಳಬಾಗಿಲಿನ ವಿದ್ಯೆ. ನಾನು ಮಾಡಿದ ಪೆಟ್ಟಿಗೆಯಿಂದ ಮಾಯವಾಗಿ ತೋರಿಸ್ಲಿ, ಹುಡುಗಿ ಕೊಡ್ತೀನಿ. ಆಗದಿದ್ರೆ ಈ ಕಡೆ ತಲೆ ಹಾಕಿ ಮಲಗಬಾರದು!"

ಸುದ್ದಿ ಟಿ.ವಿ.ಯವರ ಕಿವಿಗೆ ಬಿತ್ತು. ಅವರು ಬಿಡುತ್ತಾರೆಯೇ? ಹುಡುಗನೂ ಪೌರುಷಕ್ಕೆ ಬಿದ್ದು ಒಪ್ಪಿಕೊಂಡ. ಸ್ವಂತ ಪೆಟ್ಟಿಗೆಯಾದರೆ ಕಣ್ಣು ಮಿಟುಕಿಸುವುದರಲ್ಲಿ ಮಾಯವಾಗುವವನು ಈಗ ಎರಡು ದಿನದಿಂದ ಊಟ ಬಿಟ್ಟಿದ್ದಾನೆಂದು ಮಗಳು ಅತ್ತಿದ್ದಳು. ಬಡಗಿಯೋ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನದವನಲ್ಲ. ಮೂವತ್ತು ವರ್ಷದಲ್ಲಿ ಹೆಂಡತಿ ಅದನ್ನು ಒಮ್ಮೆಯೂ ಕಂಡಿಲ್ಲ.

ಅದಕ್ಕೇ ಅವಳು ಸ್ಕ್ರೂಡ್ರೈವರ್ ಹಿಡಿದದ್ದು. ಯಾರ ಮುಂದೆಯೂ ಉಸಿರೆತ್ತಲಿಲ್ಲ. ಒಳಗೆ ಕೂತವನು ನಾಲ್ಕೂ ಕಡೆ ತಳ್ಳಿ ನೋಡದೆ ಇರುತ್ತಾನೆಯೇ?

ಮರುದಿನ ಸ್ಟುಡಿಯೋದಲ್ಲಿ ಬಡಗಿಯದೇ ದರ್ಬಾರು. ಕ್ಯಾಮೆರಾ ಎಷ್ಟು, ಎಲ್ಲೆಲ್ಲಿ ಎಂದು ಒಂದೊಂದನ್ನೂ ಕೇಳಿ ತಿಳಿದುಕೊಂಡ. "ನನ್ನ ಮುಖ ಸರಿಯಾಗಿ ಕಾಣ್ಬೇಕಲ್ಲ!" ಪೆಟ್ಟಿಗೆಯನ್ನು ಕಪ್ಪು ಪರದೆಗೆ ಒತ್ತಿ ಇಡಿಸಿದ. "ಹಿಂದಿನಿಂದ ಯಾರೂ ಬಂದು ಕೈ ಹಾಕ್ಬಾರದು ನೋಡಿ." ಹೆಂಡತಿ ಸಡಿಲಿಸಿದ್ದ ಹಲಗೆಯಲ್ಲಿ ದೊಡ್ಡದೊಂದು ಗಂಟಿತ್ತು. ಆ ಗಂಟಿನ ಹಲಗೆ ಸರಿಯಾಗಿ ಜನರ ಕಡೆಗೇ ಬಂತು.

"ಸ್ಕ್ರೂಗಳನ್ನ ನೀವೇ ಪರೀಕ್ಷೆ ಮಾಡಿ," ಎಂದು ಬಡಗಿ ನಿರೂಪಕನ ಕೈಗೆ ಸ್ಕ್ರೂಡ್ರೈವರ್ ಕೊಟ್ಟ.

ಮೊದಲ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದ ಹೆಂಡತಿ ಕುರ್ಚಿಯ ಅಂಚಿಗೆ ಸರಿದಳು. ನಿರೂಪಕ ಅದೇ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ತಿಣುಕಿದ, ಮುಖ ಕೆಂಪಾಯಿತು, ಸ್ಕ್ರೂ ಒಂದೂ ಅಲುಗಲಿಲ್ಲ. ಪೌಡರ್ ಹಚ್ಚಿಕೊಳ್ಳುವ ಕೈ, ಅದಕ್ಕೆಲ್ಲಿಯ ಕಸುವು ಎಂದುಕೊಂಡು ಅವಳು ಹಿಂದಕ್ಕೆ ಒರಗಿದಳು.

ಹುಡುಗ ಬೆವರುತ್ತ ಪೆಟ್ಟಿಗೆಗೆ ಇಳಿದ.

"ಬೆನ್ನು ಒರಗಿಸಿ ಆರಾಮಾಗಿ ಕೂತ್ಕೋಪ್ಪ," ಎಂದ ಬಡಗಿ. "ಹೊತ್ತಾಗುತ್ತೆ."

ಸಭೆ ಗೊಳ್ಳೆಂದಿತು. ಅವನು ಮುಚ್ಚಳಕ್ಕೆ ಆರು ಸ್ಕ್ರೂ ಬಿಗಿದ. ಮುಂದೆ ಬಡಿದು ತೋರಿಸಿದ, ಎಡಕ್ಕೆ ಬಡಿದ, ಬಲಕ್ಕೆ ಬಡಿದ, ಆಮೇಲೆ ಮೇಲೇರಿ ಕೂತೇಬಿಟ್ಟ. ಹೊಗೆ ಬಿಟ್ಟರು. ಮಗಳು ತಾಯಿಯ ಕೈಬೆರಳುಗಳನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದಳು.

ಹೊಗೆ ಇಳಿಯಿತು. ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ಸಭೆಯ ಹಿಂದಿನ ಬಾಗಿಲಿನಿಂದ ಹುಡುಗ ಕೈಬೀಸುತ್ತ ಬಂದ, ತನಗೇ ನಂಬಿಕೆಯಾಗದವನಂತೆ. ಬಡಗಿ ತಲೆಯ ಮೇಲೆ ಕೈಹೊತ್ತು, "ಸೋತೆ. ಹುಡುಗಿ ನಿಂದೇ ಕಣಪ್ಪ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಸಂಜೆ ಮನೆಯಲ್ಲಿ ಹೆಂಡತಿಗೆ ಬಾಯಿ ತಡೆಯಲಿಲ್ಲ. ಟೀ ಲೋಟ ಮುಂದಿಟ್ಟು ಕೆಣಕಿದಳು:

"ಏನ್ರೀ, ಅಷ್ಟು ದೊಡ್ಡ ಕೆಲಸಗಾರರು ಮಾಡಿದ ಪೆಟ್ಟಿಗೆಯಿಂದ ಹುಡುಗ ಹೇಗೆ ಹೊರಗೆ ಬಂದ್ನೋ?"

"ನಂಗೂ ಅದೇ ಯೋಚ್ನೆ."

"ಯಾರೋ ಪುಣ್ಯಾತ್ಮರು ನಾಲ್ಕು ಸ್ಕ್ರೂ ಸಡಿಲ ಮಾಡಿದ್ರೇನೋ."

ಬಡಗಿ ಟೀ ಆರಿಸಿ ಒಂದು ಗುಟುಕು ಕುಡಿದ.

"ಅವನ್ನ ನಿನ್ನೇನೇ ಮತ್ತೆ ಬಿಗಿದೆ ಕಣೇ, ಮುಂದಿನ ಹಲಗೆ ಸಡಿಲ ಮಾಡಿದ್ದೀಯಲ್ಲ, ಹುಡುಗ ಕ್ಯಾಮೆರಾ ಎದುರಿಗೇ ಅಂಬೆಗಾಲಿಟ್ಟು ಬರಬೇಕಿತ್ತಾ? ಹಿಂದಿನದಕ್ಕೆ ನಾನು ಮೊದಲ ದಿನವೇ ಕೀಲು ಕೂರಿಸಿದ್ದೆ, ಬೆನ್ನು ತಗುಲಿದ್ರೆ ಸಾಕಿತ್ತು."