ಕೆಂಡಿಯ ರೆಕಾರ್ಡು

ರೆಕಾರ್ಡುಗಳ ಕಟ್ಟು ಸ್ಟಾಫ್ ರೂಮಿಗೆ ಹೋಗಿ ಎರಡು ಪೀರಿಯಡ್ ಆದ ಮೇಲೆ ಸ್ವರ್ಣಲತಾ ಬ್ಯಾಗಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಅವಳ ಸೈನ್ಸ್ ರೆಕಾರ್ಡು! ಇದು ಇಲ್ಲೇ ಇದೆ ಎಂದರೆ ಸೈನ್ಸ್ ತಗೊಳ್ಳುವ ಬೆಟ್ಟಸ್ವಾಮಿ ಮೇಷ್ಟ್ರ ಮೇಜಿಗೆ ಹೋಗಿರುವುದು ಅವಳು ಕದ್ದು ಬರೆಯುತ್ತಿದ್ದ ಕೆಂಡಿಯ ಕಾದಂಬರಿ.

ತಪ್ಪು ಅವಳದೇ. ಕಾದಂಬರಿ ಬರೆಯುವುದು ಮನೆಯಲ್ಲಿ ಗೊತ್ತಾಗಬಾರದೆಂದು ಆ ನೋಟ್‌ಬುಕ್ಕಿಗೂ ಕಂದು ಕಾಗದದ ಬೈಂಡು ಹಾಕಿ, ಲೇಬಲ್ ಅಂಟಿಸಿ, 'ಸೈನ್ಸ್ ರೆಕಾರ್ಡ್, 9ನೇ ಬಿ' ಎಂದು ದುಂಡಗೆ ಬರೆದಿದ್ದಳು. ಒಳಗೆ ಮಾತ್ರ ಏಳು ಬಾಗಿಲಿನ ಕೋಟೆ, ಮಾತಾಡುವ ಬಂಡೆಗಳು, ಉರಿಯುವ ಕೆಂಡವನ್ನು ಬರಿಗೈಲಿ ಹಿಡಿಯಬಲ್ಲ ಕೆಂಡಿ. ದೊರೆಯ ಮಗ ಮೈ ಮುಟ್ಟಲು ಬಂದಾಗ ಕೊಳ್ಳಿ ತೆಗೆದು ಅವನ ಮುಖಕ್ಕೆ ತಿವಿದವಳು. ಅದಕ್ಕೇ ಕೋಟೆಯಿಂದ ಗಡೀಪಾರಾದವಳು.

ಸ್ವರ್ಣಲತಾಳ ಕೈಯಲ್ಲಿ ಕೊಳ್ಳಿ ಇರಲಿಲ್ಲ, ಜಾಮಿಟ್ರಿ ಬಾಕ್ಸ್ ಇತ್ತು. ಹೋದ ವಾರ ಕೊತ್ತಗೆರೆ ಬಸ್ಸಿನಲ್ಲಿ ಸೊಂಟಕ್ಕೆ ಕೈ ಹಾಕಿದ ಪಂಚಾಯ್ತಿ ಮೆಂಬರ್ ಮಗನ ಮೂತಿಗೆ ಅದರಲ್ಲೇ ಬಾರಿಸಿದ್ದಳು. ಅವನಿಗೆ ತುಟಿ ಒಡೆಯಿತು, ಇವಳಿಗೆ ಗಂಡುಬೀರಿ ಎಂಬ ಹೆಸರು ಬಂತು. ಪಕ್ಕ ಕೂರುತ್ತಿದ್ದ ಹುಡುಗಿಯರು ಬೆಂಚು ಬದಲಾಯಿಸಿದರು. ಅಪ್ಪ ದ್ಯಾವಪ್ಪ ಮೂರು ದಿನ ಮಾತೇ ಆಡಲಿಲ್ಲ. ಆಮೇಲೆ ಆಡಿದ್ದು ಒಂದೇ ಮಾತು, "ಓದಿದ್ದು ಸಾಕು, ಟೀಸಿ ಇಸ್ಕೊಂಬತ್ತೀನಿ." ಇವತ್ತು ಬೆಳಿಗ್ಗೆ ಅವಳ ಜೊತೆಯಲ್ಲೇ ಕುಣಿಗಲ್ಲಿಗೆ ಬಂದು ಸ್ಕೂಲಿಗೆ ಅರ್ಜಿ ಕೊಟ್ಟು, ಸಂಜೆ ಬರುವುದಾಗಿ ಹೇಳಿ ಗೊಬ್ಬರದ ಅಂಗಡಿಯ ಕಡೆ ಹೋಗಿದ್ದ. ಹೆಡ್ ಮೇಷ್ಟ್ರು ರಜೆ. ಬೆಟ್ಟಸ್ವಾಮಿ ಮೇಷ್ಟ್ರೇ ಇನ್‌ಚಾರ್ಜ್. ಅವರ ಕಾಲು ಹಿಡಿದಾದರೂ ಅಪ್ಪನಿಗೆ ಎರಡು ಮಾತು ಹೇಳಿಸಬೇಕೆಂದು ಇವಳು ಲೆಕ್ಕ ಹಾಕಿಕೊಂಡಿದ್ದಳು. ಈಗ ಅವರು ಕೆಂಡಿಯನ್ನು ಓದಿಬಿಟ್ಟರೆ?

"ಹೋಗ್ಬೇಡ ಕಣೇ," ಎಂದಳು ಕಟ್ಟು ಹೊತ್ತುಕೊಂಡು ಹೋಗಿದ್ದ ಕ್ಲಾಸ್ ಲೀಡರ್ ಚೈತನ್ಯ. "ಅದನ್ನ ಓದಿದ್ರೆ ಮೇಷ್ಟ್ರೇ ಓಡಿ ಬಂದು ನಿಂಗೆ ಟೀಸಿ ಕೊಡ್ತಾರೆ."

ಸ್ವರ್ಣಲತಾ ಹೋದಳು. ಸ್ಟಾಫ್ ರೂಮಿನಲ್ಲಿ ಬೆಟ್ಟಸ್ವಾಮಿ ಮೇಷ್ಟ್ರು ಕೆಂಪು ಪೆನ್ನು ಹಿಡಿದು, ಹುಲ್ಲು ಕೊಯ್ಯುವವರ ಹಾಗೆ ಸರಸರನೆ ಸೈನ್ ಹಾಕುತ್ತ ಕೂತಿದ್ದರು. ಹಾಳೆ ಮಗುಚುವುದು, ಸೈನು, ತಾರೀಖು. ಹಾಳೆ ಮಗುಚುವುದು, ಸೈನು, ತಾರೀಖು.

"ಸಾ, ನನ್ ರೆಕಾರ್ಡು..."

"ಸ್ವರ್ಣಲತಾ ಅಲ್ವಾ? ನಿಂದು ಆಗೋಯ್ತು, ತಗೊಂಡ್ ಹೋಗು. ಹತ್ತಕ್ಕೆ ಎಂಟು. ಡಯಾಗ್ರಂ ಕಮ್ಮಿ ಹಾಕಿದೀಯ."

ಅವಳು ಪುಟ ತಿರುಗಿಸಿದಳು. ಮಾತಾಡುವ ಬಂಡೆಗಳ ಕೆಳಗೆ ಸೈನು. ಕೆಂಡಿ ಕೊಳ್ಳಿ ಎತ್ತಿದ ಕಡೆ ಸೈನು. ಒಂದು ಸಾಲನ್ನೂ ಓದಿಲ್ಲ! ಸದ್ಯ ಬದುಕಿದೆ ಎಂದುಕೊಂಡು ನೋಟ್‌ಬುಕ್ಕನ್ನು ಎದೆಗವಚಿಕೊಂಡು ಬಾಗಿಲ ಕಡೆ ತಿರುಗಿದಳು.

"ನಿಂತ್ಕೊಳಮ್ಮ. ಆ ಅರ್ಜಿಗಳನ್ನ ಸ್ವಲ್ಪ ಇತ್ಲಾಗೆ ತಳ್ಳು. ಅವಕ್ಕೂ ಸೈನ್ ಹಾಕ್ಬುಡ್ತೀನಿ."

ಮೇಲುಗಡೆಯೇ ಇತ್ತು ಅಪ್ಪನ ಅರ್ಜಿ. ಬಲಕ್ಕೆ ವಾಲುವ ಆ ಅಕ್ಷರ ಅವಳಿಗೆ ದೂರದಿಂದಲೂ ಗೊತ್ತು. ಕೆಂಡಿಯನ್ನು ಓದದ ಮೇಷ್ಟ್ರು ಇದನ್ನು ಮಾತ್ರ ಓದುತ್ತಾರೆಯೇ?

ಅರ್ಜಿಗಳನ್ನು ಅವಳು ತಳ್ಳಲಿಲ್ಲ. ನೋಟ್‌ಬುಕ್ಕಿನ ಒಂದು ಪುಟ ಹುಡುಕಿ ಅವರ ಮುಂದಿಟ್ಟಳು. "ಸಾ, ಇದೊಂದನ್ನ ಓದಿ."

"ಕನ್ನಡಕ ರಿಪೇರಿಗೆ ಕೊಟ್ಟಿದೀನಿ ಕಣಮ್ಮ. ಏನದು, ನೀನೇ ಓದು."

ಅವಳು ಓದಿದಳು. "ಕೋಟೆಯ ಆಜ್ಞೆ. ದೊರೆಮಗನನ್ನು ಹೊಡೆದ ಕೆಂಡಿ ಎಂಬ ಹುಡುಗಿಯನ್ನು ಏಳು ಬಾಗಿಲಿನಾಚೆ ಅಟ್ಟತಕ್ಕದ್ದು. ಅವಳಿಗೆ ಯಾರೂ ನೀರು ಕೊಡಕೂಡದು, ಅಕ್ಷರ ಕಲಿಸಕೂಡದು. ಯಾಕೆ ಹೊಡೆದೆ ಎಂದು ಅವಳನ್ನು ಯಾರೂ ಕೇಳಕೂಡದು."

ಇದು ಸೈನ್ಸ್ ಅಲ್ಲವೆಂದು ಮೇಷ್ಟ್ರಿಗೆ ಹೊಳೆಯುವ ಮೊದಲೇ ಸಿಟ್ಟು ಬಂದಿತ್ತು. "ಕೇಳಕೂಡ್ದಾ? ಯಾವನಮ್ಮ ಅವ್ನು, ಇಂಥ ಆರ್ಡರ್ ಪಾಸ್ ಮಾಡ್ದೋನು? ತಲೆ ನೆಟ್ಟಗೈತಾ ಅವ್ನಿಗೆ?"

ಸ್ವರ್ಣಲತಾ ಪುಟದ ಕೆಳಗೆ ಬೆರಳಿಟ್ಟಳು. "ಸೈನ್ ಇಲ್ಲಿದೆ ಸಾ."

ಮೇಷ್ಟ್ರು ಪುಟವನ್ನು ಮೂಗಿನ ಹತ್ತಿರ ಹಿಡಿದರು. ಕೆಂಪು ಶಾಯಿ. ಬಿ.ಎಸ್., 4-1-99. ಅವರ ಕಿವಿ ಕೆಂಪಗಾಯಿತು. ಈಗ ಬೈಯುತ್ತಾರೆ, ಕಪಾಳಕ್ಕೆ ಬಿಟ್ಟರೂ ಬಿಟ್ಟಾರು ಎಂದು ಅವಳು ಹಲ್ಲು ಕಚ್ಚಿ ನಿಂತಳು. ಮೇಷ್ಟ್ರು ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅವಳಿಗೆ ಎಲ್ಲಿತ್ತೋ ಧೈರ್ಯ, ಅಪ್ಪನ ಅರ್ಜಿ ಕೈಗೆತ್ತಿಕೊಂಡಳು.

"ಇದನ್ನೂ ಓದ್ಲಾ ಸಾ?"

"ಓದು."

"ಸ್ವಾಮಿ, ಮನೆಯ ತೊಂದರೆಯ ನಿಮಿತ್ತ ನನ್ನ ಮಗಳನ್ನು ಶಾಲೆ ಬಿಡಿಸುತ್ತಿದ್ದೇನೆ. ದಯಮಾಡಿ ಅವಳ ಟಿ.ಸಿ. ಕೊಡಬೇಕಾಗಿ ಪ್ರಾರ್ಥನೆ. ಇಂತಿ, ದ್ಯಾವಪ್ಪ."

"ಮನೆ ತೊಂದ್ರೆ ಅಂತ ಬರ್ದವ್ರಾ?" ಮೇಷ್ಟ್ರು ತಲೆಯೆತ್ತಿದರು. "ಏನಮ್ಮ ತೊಂದ್ರೆ ನಿಮ್ಮನೇಲಿ?"

"ನಾನೇ ಸಾ," ಎಂದಳು ಸ್ವರ್ಣಲತಾ.

ಬೆಟ್ಟಸ್ವಾಮಿ ಮೇಷ್ಟ್ರು ಅವಳಿಂದ ಅರ್ಜಿ ಇಸಿದುಕೊಂಡು, ಸೈನ್ ಹಾಕದೆ ಪಕ್ಕಕ್ಕಿಟ್ಟು, ಮೇಜಿನ ಮೇಲೆಲ್ಲ ಕೈಯಾಡಿಸುತ್ತ ಪೆನ್ನಿನ ಮುಚ್ಚಳ ಹುಡುಕತೊಡಗಿದರು.