ಶ್... ಹಕ್ಕಿ ಹಾರೋಗುತ್ತೆ!

ಗಂಡಸರೇ, ಇದನ್ನು ಮೊದಲು ನೀವು ಓದಿ... ಫಾರ್ವರ್ಡ್ ಆಮೇಲೆ ಮಾಡುವಿರಂತೆ.

ನಮ್ಮ ಮೈಸೂರಿನ ಶ್ರೀಕಂಠಸ್ವಾಮಿಯವರದು ಟೈಲ್ಸ್ ಅಂಗಡಿ. ಹುಚ್ಚು ಮಾತ್ರ ಹಕ್ಕಿ ಫೋಟೋದ್ದು. ಎಂಥ ಹುಚ್ಚು ಅಂತೀರಿ!

ಮದುವೆಯ ಬೆಳ್ಳಿಹಬ್ಬಕ್ಕೆ ಹೆಂಡತಿ ಸರ್ವಮಂಗಳಾ ಅವರನ್ನು ಕರೆದುಕೊಂಡು ಹೋಗಿದ್ದು ಎಲ್ಲಿಗೆ ಗೊತ್ತಾ? ದಕ್ಷಿಣ ಅಮೆರಿಕದ ಈಕ್ವೆಡಾರ್‌ಗೆ... ಆಂಡಿಸ್ ಬೆಟ್ಟದ ಮೇಲೆ, ಸದಾ ಮೋಡ ಮುಸುಕಿದ ಒಂದು ಕಾಡಿಗೆ!

ಅಲ್ಲಿ ಆಂಟ್‌ಪಿಟ್ಟಾ ಅಂತ ಒಂದು ಹಕ್ಕಿ. ಕೋಳಿಮರಿಯಂತೆ ನೆಲದ ಮೇಲೇ ಓಡಾಡುತ್ತದೆ, ಮಹಾ ಪುಕ್ಕಲು.

ಗೈಡ್ ಹುಳು ಇಟ್ಟು ಕೂಗಿ ಕರೆಯುತ್ತಾನೆ... ಉಳಿದವರು ಪರದೆಯ ಹಿಂದೆ ಉಸಿರು ಬಿಗಿಹಿಡಿದು ಕೂರಬೇಕು. ಅವನ ದನಿ ಬಿಟ್ಟು ಬೇರೆ ಸಣ್ಣ ಸದ್ದಾದರೂ ಹಕ್ಕಿ ಮಾಯ.

ದಿನಗಟ್ಟಲೆ ಕಾದರೂ ಬರಲಿಲ್ಲ. ಕೊನೆಯ ದಿನ ಬೆಳಿಗ್ಗೆ ಪೊದೆ ಅಲುಗಿತು...

"ರೀ... ನನ್ ಕೈ ಯಾಕೋ ಜೋಮು ಹಿಡಿದಂಗಾಗ್ತಿದೆ..."

"ಶ್! ಸುಮ್ನಿರೇ ಮಂಗಳಾ! ಹಕ್ಕಿ ಹಾರೋಗುತ್ತೆ!"

"ರೀ... ಬಾಯಿ..." ಮಾತು ತೊದಲಿತು.

"ಒಂದ್ನಿಮಿಷ ಬಾಯ್ ಮುಚ್ಕೊಂಡಿರಕ್ಕಾಗಲ್ವಾ ನಿಂಗೆ?"

ಪಾಪ, ಆ ತಾಯಿ ಬಾಯಿ ಮುಚ್ಚಿಕೊಂಡರು. ಮದುವೆಯಾದಾಗಿನಿಂದ ಅದೇ ಅಭ್ಯಾಸ ಅಲ್ಲವೇ!

ಹಕ್ಕಿ ಬಂತು... ಹುಳು ತಿಂದಿತು... ಸಾಕು ಸಾಕೆನ್ನುವಷ್ಟು ಫೋಟೋ ಸಿಕ್ಕಿತು.

"ನೋಡೇ!" ಎಂದು ಖುಷಿಯಿಂದ ತಿರುಗಿದರೆ ಹೆಂಡತಿಯ ಬಾಯಿ ಒಂದು ಕಡೆಗೆ ವಾಲಿತ್ತು.

ಸ್ಟ್ರೋಕ್. ಬೆಟ್ಟ ಇಳಿದು ಆಸ್ಪತ್ರೆ ಸೇರುವಷ್ಟರಲ್ಲಿ ಹೊತ್ತು ಮೀರಿತ್ತು. ಜೀವ ಉಳಿಯಿತು... ಮಾತು ಹೋಯಿತು.

ಊರಿಗೆ ಬಂದ ಮೇಲೆ ಸ್ವಾಮಿಯವರು ಕ್ಯಾಮೆರಾ ಮುಟ್ಟಲಿಲ್ಲ. ದಿನವೂ ಹೆಂಡತಿಯ ಮುಂದೆ ಕೂತು ಗೋಗರೆದರು. "ಏನಾದ್ರೂ ಅನ್ನೇ... ನನ್ನ ಬೈಯೋದಾದ್ರೂ ಬೈಯೇ..."

ಉಹುಂ. ಒಂದಕ್ಷರ ಇಲ್ಲ.

ಮೊನ್ನೆ, ಮಾತು ಕಲಿಸಲು ಮನೆಗೆ ಬರುವ ಥೆರಪಿಸ್ಟ್ ಹುಡುಗಿ ಮೆಲ್ಲಗೆ ಹೇಳಿದಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ... ಆಂಟಿ ನನ್ ಹತ್ರ ಆಗ್ಲೇ ಸ್ವಲ್ಪ ಮಾತಾಡ್ತಾರೆ. 'ನೀರು' ಅಂತಾರೆ, 'ಬಿಸಿಲು' ಅಂತಾರೆ... ನೀವು ಒಳಗೆ ಬಂದ್ರೆ ಮಾತ್ರ ಸುಮ್ಮನಾಗ್ಬಿಡ್ತಾರೆ."

ಅಯ್ಯೋ, ಯಾವ ಶತ್ರುವಿಗೂ ಬೇಡ ಈ ಶಿಕ್ಷೆ!

ಈಗ ಆ ಮನುಷ್ಯ ದಿನಾ ಬಾಗಿಲ ಮರೆಯಲ್ಲಿ ನಿಂತು ಸ್ವಂತ ಹೆಂಡತಿಯ ದನಿಯನ್ನು ಕದ್ದು ಕೇಳುತ್ತಾರೆ. ಕೆಮ್ಮು ಬಂದರೂ ತಡೆದುಕೊಳ್ಳುತ್ತಾರೆ... ಅವರು ಅಲ್ಲಿದ್ದಾರೆಂದು ಗೊತ್ತಾದರೆ ಆ ಎರಡು ಮಾತೂ ನಿಂತುಹೋಗುತ್ತವೆ.

ಒಬ್ಬರ ಬಾಯಿ ಮುಚ್ಚಿಸುವುದು ನಮ್ಮ ಕೈಯಲ್ಲಿದೆ... ಮತ್ತೆ ಮಾತಾಡಿಸುವುದು ನಮ್ಮ ಕೈಯಲ್ಲಿಲ್ಲ.

ಇವತ್ತು ನೀವು ಯಾರಿಗೆ "ಒಂದ್ನಿಮಿಷ ಇರು" ಅಂದಿರಿ? ಆಮೇಲೆ ಹೋಗಿ ಅವರ ಮಾತು ಕೇಳಿದಿರಾ...?